ಬಾಯಿಗೆ ಅಡ್ಡ ಹಿಡಿದ ರಟ್ಟು

ಕಿವಿ ಪರೀಕ್ಷೆಯ ಕೋಣೆಯೊಳಗೆ ತಾನೇ ಹೋಗಿ ಕೂತು ಬಾಗಿಲು ಹಾಕಿಕೊಳ್ಳುವುದು ಅವನಿಗೆ ಈಚೆಗೆ ಅಂಟಿಕೊಂಡ ಚಟ. ಕೋಣೆಯೆಂದರೆ ಬೀರುವಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಗೋಡೆಗೆಲ್ಲ ತೂತುತೂತಿನ ಹಲಗೆ, ನೆಲಕ್ಕೆ ದಪ್ಪ ಜಮಖಾನ, ಎದುರಿಗೆ ಎರಡು ಪದರದ ಗಾಜಿನ ಕಿಟಕಿ. ಕಿಟಕಿಯ ಆಚೆ ಯಂತ್ರದ ಮುಂದೆ ಕೂತು ಗುಂಡಿ ತಿರುಗಿಸುವುದು ಅವನ ಕೆಲಸ. ಒಳಗೆ ಕೂತು ಸದ್ದು ಕೇಳಿಸಿದಾಗ ಬೆರಳೆತ್ತುವುದು ಬಂದವರ ಕೆಲಸ. ಬೆಳಿಗ್ಗೆ ಯಾರೂ ಬರುವ ಮುಂಚೆ ಮಾತ್ರ ಅವನೇ ಒಳಗೆ. ಇಲ್ಲಿಗೆ ರಸ್ತೆಯ ಹಾರನ್ನು ಬರುವುದಿಲ್ಲ, ಕಾಯುವ ಕೋಣೆಯ ಟಿವಿ ಬರುವುದಿಲ್ಲ. ಆದರೂ ಇವತ್ತು, ಆ ನಿಶ್ಶಬ್ದದ ನಟ್ಟನಡುವೆ, ಯಾರೂ ಇಲ್ಲದ ಕಿಟಕಿಯ ಕಡೆ ನೋಡುತ್ತ ಅವನು ಜೋರಾಗಿ 'ಬಾಯಿ ಮುಚ್ಚೋ' ಅಂದುಬಿಟ್ಟಿದ್ದ. ಅಂದದ್ದು ಟಿವಿಯಲ್ಲಿ ಸುದ್ದಿ ಓದುವ ಒಬ್ಬನಿಗೆ, ತಲೆಯೊಳಗೇ. ಹಲ್ಲುಜ್ಜುವಾಗ ಶುರುವಾದ ಜಗಳ ಅದು. ಅವನ ಒಂದೊಂದು ಮಾತಿಗೂ ಬಸ್ಸಿನುದ್ದಕ್ಕೂ ಉತ್ತರ ಜೋಡಿಸುತ್ತ ಬಂದು, ಇಲ್ಲಿ ಕೂತು ಮುಗಿಸುತ್ತಿದ್ದ. ಎಂಥ ಉತ್ತರಗಳು! ಒಂದಕ್ಕಿಂತ ಒಂದು ಹರಿತ. ಕೇಳುವವರು ಮಾತ್ರ ಯಾರೂ ಇಲ್ಲ.

ಸಿಟ್ಟಿಗೆ ಮದ್ದು ಹುಡುಕಿಲ್ಲವೆಂದಲ್ಲ. ದೊಡ್ಡಮ್ಮನ ಮಗನೊಬ್ಬನಿದ್ದಾನೆ, ಎದ್ದ ತಕ್ಷಣ ಫೋನಿನಲ್ಲಿ ಕುಟುಂಬದ ಗುಂಪಿಗೆ ವಿಷ ಕಳಿಸುತ್ತಾನೆ. ಅವರು ಹೀಗೆ, ಅವರು ಹಾಗೆ, ಅವರ ಅಂಗಡಿಗೆ ಹೋಗಬೇಡಿ, ನಮ್ಮವರಾಗಿದ್ದರೆ ಹತ್ತು ಜನಕ್ಕೆ ಕಳಿಸಿ. ಅದೇ ಮಹಾಶಯ ಸ್ನಾನ ಮುಗಿಸಿ ಬಂದು ಸೂರ್ಯೋದಯದ ಚಿತ್ರ ಹಾಕುತ್ತಾನೆ: ಮನಸ್ಸಿನ ಗಾಯಗಳು ಮಾಗಬೇಕಾದರೆ ಕ್ಷಮಿಸುವುದನ್ನು ಕಲಿಯಿರಿ. ಹಾಗೆ ಬಂದ ಒಂದು ಚಿತ್ರದ ಕೆಳಗಿದ್ದ ಉಸಿರಾಟದ ಪಾಠವನ್ನು ಅವನು ನಿಜಕ್ಕೂ ಫೋನಿಗೆ ಇಳಿಸಿಕೊಂಡಿದ್ದ. ಉಸಿರನ್ನು ಒಳಗೆ ತೆಗೆದುಕೊಳ್ಳಿ, ಎಂದು ಒಬ್ಬಾಕೆ ಜೇನಿನಂಥ ದನಿಯಲ್ಲಿ ಹೇಳಿದಳು. ಅವನು ತೆಗೆದುಕೊಂಡ. ಬಿಡಿ ಅನ್ನುವ ಮೊದಲೇ ಪರದೆಯಲ್ಲಿ ಅವಳ ಮೇಲೆ ಸುದ್ದಿಯ ಕೆಂಪು ಪಟ್ಟಿಯೊಂದು ಬಂದು ಬಿತ್ತು: ಎಲ್ಲೋ ಬೆಂಕಿ, ಯಾರದೋ ಮನೆ. ಎದೆಯಲ್ಲಿ ಗಾಳಿ ಹಾಗೇ ನಿಂತಿತ್ತು. ಫೋನನ್ನು ಹಾಸಿಗೆಗೆ ಎಸೆದ. ಎಸೆಯುವಾಗಲೂ, ಮುರಿಯಬಾರದಲ್ಲ ಎಂದು ಮೆತ್ತಗಿನ ಜಾಗ ನೋಡಿಯೇ ಎಸೆದಿದ್ದ. ಅವನ ಸಿಟ್ಟೆಲ್ಲ ಇಷ್ಟೇ, ಹಾಸಿಗೆಯ ಮೇಲೆ ಬೀಳುವ ಸಿಟ್ಟು.

ಅಪ್ಪ ಹಾಗಿರಲಿಲ್ಲ. ಅಪ್ಪನ ಸಿಟ್ಟು ಮೊದಲಿನಿಂದಲೂ ನೆಲಕ್ಕೆ ಬೀಳುವಂಥದ್ದು, ಒಡೆಯುವಂಥದ್ದು, ಆಮೇಲೆ ಅವರೇ ಬಗ್ಗಿ ಚೂರು ಆರಿಸುವಂಥದ್ದು. ದಿನಪತ್ರಿಕೆ ಅಚ್ಚು ಹಾಕುವ ಯಂತ್ರದ ಪಕ್ಕದಲ್ಲಿ ನಿಂತೂ ನಿಂತೂ ಕಿವಿ ಕಳೆದುಕೊಂಡವರು. ಪಾಳಿ ಮುಗಿಸಿ ಬರುವಾಗ ಇನ್ನೂ ಮಸಿ ಆರದ ಒಂದು ಪ್ರತಿ ಕಂಕುಳಲ್ಲಿ ತರುತ್ತಿದ್ದರು. ಸಂಜೆ ಪಕ್ಕದ ರಸ್ತೆಯ ದರ್ಜಿ ಬರುತ್ತಿದ್ದ, ಕೈಯಲ್ಲಿ ಅಂಚು ಹೊಲಿಯಬೇಕಾದ ಯಾವುದೋ ಬಟ್ಟೆ ಹಿಡಿದು. ಅಪ್ಪ ಕೂಗಿ ಕೂಗಿ ಓದುವುದು, ದರ್ಜಿ ಸೂಜಿಯಿಂದ ಕಣ್ಣು ತೆಗೆಯದೆ 'ಅಣ್ಣ, ಈ ಮಂತ್ರಿ ಹೋದ ವರ್ಷಾನೂ ಇದೇ ಹೇಳಿದ್ನಲ್ಲ, ಹಳೇ ಅಚ್ಚನ್ನೇ ಮತ್ತೆ ಹಾಕಿಬಿಟ್ರಾ ಹೆಂಗೆ?' ಅನ್ನುವುದು, ಇಬ್ಬರೂ ನಗುವುದು. ಪುಟಗಳು ಮುಗಿದರೆ ಸುದ್ದಿ ಮುಗಿಯಿತು. ಮಾರನೆಯ ದಿನ ಅದರಲ್ಲಿ ಅಮ್ಮ ಕಪಾಟಿನ ತಳ ಮುಚ್ಚುತ್ತಿದ್ದಳು. ಅಪ್ಪನನ್ನು ಅಣ್ಣ ಅನ್ನುತ್ತಿದ್ದುದರಿಂದ ಅವನಿಗೆ ದರ್ಜಿ ಚಿಕ್ಕಪ್ಪ. ಚಿಕ್ಕಪ್ಪ ನಮ್ಮವನಲ್ಲ, 'ಅವರವನು' ಎಂಬುದು ಅವನಿಗೆ ಎಷ್ಟನೆಯ ವಯಸ್ಸಿನಲ್ಲಿ ಗೊತ್ತಾಯಿತೋ ನೆನಪಿಲ್ಲ. ಗೊತ್ತಾಗಿಯೂ ಏನೂ ಆಗಿರಲಿಲ್ಲ. ಅಮ್ಮ ಸತ್ತ ದಿನ ಅಪ್ಪನನ್ನು ತಬ್ಬಿ ಹಿಡಿದು ಕೂತವನು ಆ ಚಿಕ್ಕಪ್ಪನೇ.

ಆಮೇಲೆ ಟಿವಿ ಬಂತು, ಟಿವಿಯೊಳಗೆ ದಿನವಿಡೀ ಮುಗಿಯದ ಸುದ್ದಿ ಬಂತು. ಅಪ್ಪನ ಕಿವಿಗೆ ಮಷಿನ್ನು ಹಾಕಿಕೊಟ್ಟ ಮೇಲೂ ಟಿವಿಯ ದನಿ ಬೀದಿಯ ತುದಿಗೆ ಕೇಳುತ್ತಿತ್ತು. ಮಕ್ಕಳಿಗೆ ಓದಲಾಗುತ್ತಿರಲಿಲ್ಲ, ಹೆಂಡತಿಗೆ ತಲೆನೋವು, ಮೇಲಿನ ಮನೆಯವರು ಬಂದು ಬಾಗಿಲು ಬಡಿದರು. ಅವನ ಕಸುಬಿನಲ್ಲಿ ಇದಕ್ಕೊಂದು ಸುಲಭದ ದಾರಿಯಿದೆ. ಅಂಗೈಯಗಲದ ಒಂದು ಡಬ್ಬಿ. ಟಿವಿಯ ಹಿಂದೆ ಸಿಕ್ಕಿಸಿದರೆ ಸದ್ದು ಗಾಳಿಗೆ ಬೀಳದೆ ನೇರ ಕಿವಿಯ ಮಷಿನ್ನಿಗೆ ಹೋಗುತ್ತದೆ. ಅದು ಹೋಗುತ್ತಿರುವಾಗ ಹೊರಗಿನ ಮಾತು ತಾನೇ ತಗ್ಗುತ್ತದೆ. ತಂದು ಹಾಕಿದ. ಟಿವಿ ಮೂಕವಾಯಿತು. ಆ ಸಂಜೆ ಹೆಂಡತಿ 'ಇಷ್ಟು ದಿನ ಯಾಕ್ರೀ ತರ್ಲಿಲ್ಲ ಇದನ್ನ?' ಎಂದು ಕಣ್ಣು ಮುಚ್ಚಿ ಗೋಡೆಗೊರಗಿದ್ದಳು. ಅವನಿಗೂ ಹೆಮ್ಮೆಯಾಗಿತ್ತು. ಆ ಮೇಲೆ ನಿಧಾನವಾಗಿ ಕಾಣಿಸತೊಡಗಿತು: ಸದ್ದಿಲ್ಲದ ಕೋಣೆಯಲ್ಲಿ, ಬಾಯಿ ಮಾತ್ರ ಆಡುವ ಮುಖಗಳ ಎದುರು, ಅಪ್ಪ ಒಬ್ಬರೇ ಹಲ್ಲು ಕಡಿಯುತ್ತಿದ್ದರು, 'ಒದೀಬೇಕು' ಅನ್ನುತ್ತಿದ್ದರು. ಊಟಕ್ಕೆ ಕರೆದರೆ ತಿರುಗುತ್ತಿರಲಿಲ್ಲ. ಮನೆಯ ಗದ್ದಲವನ್ನೆಲ್ಲ ಗುಡಿಸಿ ಒಬ್ಬ ಮುದುಕನ ತಲೆಯೊಳಗೆ ಸುರಿದು ಮುಚ್ಚಳ ಹಾಕಿಬಿಟ್ಟಿದ್ದ, ಅಷ್ಟೇ. ಗೊತ್ತಾಗಿತ್ತು. ಗೊತ್ತಾಗಿಯೂ ಡಬ್ಬಿ ಕೀಳಲಿಲ್ಲ, ಮನೆ ಅಷ್ಟು ತಣ್ಣಗಿತ್ತು.

ಹೋದ ವಾರ ದರ್ಜಿ ಚಿಕ್ಕಪ್ಪ ಒಂದು ಶರ್ಟು ಹೊಲಿದುಕೊಂಡು ಬಂದಿದ್ದನಂತೆ. ಜಾರಿ ಬಿದ್ದ ಮೇಲೆ ಅಪ್ಪನ ಬಲಗೈ ಮೇಲೇಳುವುದಿಲ್ಲ, ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಾರೆ; ಅದಕ್ಕೆ ಒತ್ತಿದರೆ ಕೂರುವ ಟಿಚ್ ಗುಂಡಿ ಇಟ್ಟು, ತೋಳು ಅಗಲ ಮಾಡಿ, ಕೇಳದೆ ಹೊಲಿದ ಶರ್ಟು. ಅಪ್ಪನ ಮಡಿಲಲ್ಲಿ ಇಟ್ಟ. ಅಪ್ಪ ಟಿವಿಯಿಂದ ಕಣ್ಣು ತೆಗೆದು, ಅವನ ಮುಖವನ್ನು ನೋಡಿ, ಶರ್ಟನ್ನು ನೆಲಕ್ಕೆ ಹಾಕಿ, ನಿಮ್ಮವರ ಕೈ ಮುಟ್ಟಿದ ಬಟ್ಟೆ ಈ ಮನೆಗೆ ಬೇಡ ಅಂದರಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದ ಹೆಂಡತಿ ಹೇಳಿದ್ದು ಇದು. ಚಿಕ್ಕಪ್ಪ ಶರ್ಟು ಎತ್ತಿ, ಧೂಳು ಕೊಡವಿ, ಮತ್ತೆ ಅದೇ ಮಡಿಕೆಗೆ ಮಡಚಿಕೊಂಡು ಹೋದನಂತೆ. ಅದನ್ನು ಕೇಳಿ ಅವನು ಏನು ಮಾಡಿದ? ಅಪ್ಪನ ಕೋಣೆಗೆ ಹೋದ, 'ಊಟ ಆಯ್ತಾ?' ಎಂದು ಕೇಳಿದ. ಮಾರನೆಯ ದಿನದಿಂದ ದರ್ಜಿ ಅಂಗಡಿಯ ರಸ್ತೆ ಬಿಟ್ಟು ಸುತ್ತುಹಾಕಿಕೊಂಡು ಬಸ್ಸಿಗೆ ಹೋಗತೊಡಗಿದ. ದೇಶದ ಎಲ್ಲ ಸುಳ್ಳುಗಾರರಿಗೆ ಮನಸ್ಸಿನಲ್ಲೇ ಉತ್ತರ ಕೊಡುವ ಗಂಡಸು, ಪಕ್ಕದ ಕೋಣೆಯ ಅಪ್ಪನಿಗೆ ಒಂದು ಮಾತು ಆಡಲಿಲ್ಲ.

ಗಾಜಿನ ಮೇಲೆ ಟಕಟಕ ಸದ್ದಾಯಿತು. ಕೌಂಟರಿನ ಹುಡುಗಿ. ಅವಳ ಮುಖ ನೋಡಿಯೇ ಏನೋ ಸರಿಯಿಲ್ಲವೆನಿಸಿತು. ಹೊರಗೆ ಬಂದರೆ ಕಾಯುವ ಕೋಣೆಯಲ್ಲಿ ದರ್ಜಿ ಚಿಕ್ಕಪ್ಪ ಕೂತಿದ್ದ, ಮೊಣಕಾಲುಗಳ ಮೇಲೆ ಎರಡೂ ಕೈಯಿಟ್ಟು, ಟಿವಿಯನ್ನೇ ನೋಡುತ್ತ. ಟಿವಿಯಲ್ಲಿ ನಾಲ್ಕು ಜನ ಒಟ್ಟಿಗೇ ಅರಚುತ್ತಿದ್ದರು, ಚಿಕ್ಕಪ್ಪನಂಥವರು ಇಲ್ಲಿ ಇರಬೇಕೋ ಬೇಡವೋ ಎಂದು. ಪಕ್ಕದ ಕುರ್ಚಿಯ ಹೆಂಗಸು ತನ್ನ ಚೀಲವನ್ನು ಇನ್ನೊಂದು ಬದಿಗೆ ಇಟ್ಟುಕೊಂಡಿದ್ದಳು. ಹುಡುಗಿ ರಿಮೋಟು ಹುಡುಕುತ್ತ ಮೇಜಿನ ಖಾನೆಗಳನ್ನೆಲ್ಲ ತೆಗೆದು ಹಾಕುತ್ತಿದ್ದಳು. ಅವನಿಗೆ ಹೋಗಿ ಟಿವಿಯ ತಂತಿ ಕಿತ್ತೆಸೆಯಬೇಕೆನಿಸಿತು. ಕೀಳಲಿಲ್ಲ, ಟಿವಿ ಮಹಡಿಯ ಮೇಲಿನ ಡಾಕ್ಟರದ್ದು. ಆ ಡಾಕ್ಟರು ಅವನನ್ನು 'ನಮ್ಮ ಮಷಿನ್ ಹಾಕೋ ಹುಡುಗ' ಎಂದು ಪರಿಚಯಿಸುತ್ತಾರೆ, ಅವನ ಅರ್ಧ ತಲೆ ನರೆತ ಮೇಲೂ.

ಒಳಗೆ ಕರೆದು ಕೂರಿಸಿದ. ಚಿಕ್ಕಪ್ಪನ ಕಿವಿಯಲ್ಲಿ ಏನೂ ತೊಂದರೆಯಿರಲಿಲ್ಲ, ಬಂದದ್ದೂ ಅದಕ್ಕಲ್ಲ.

'ಒಂದು ಕೇಳ್ಬೇಕಿತ್ತಪ್ಪ,' ಅಂದ ಚಿಕ್ಕಪ್ಪ, ಮೇಜಿನ ಮೇಲಿದ್ದ ಕಿವಿಯ ದೊಡ್ಡ ಪ್ಲಾಸ್ಟಿಕ್ ಮಾದರಿಯನ್ನು ನೋಡುತ್ತ. 'ಅಣ್ಣನ ಮಷಿನ್ನು... ಅದರಲ್ಲಿ ಏನಾದ್ರೂ ಕೆಟ್ಟಿತ್ತಾ? ಹೋದ ವಾರ. ನೀನು ಈ ಕೆಲಸದವನು, ನಿಂಗೆ ಗೊತ್ತಿರುತ್ತೆ.'

'ಯಾಕೆ ಚಿಕ್ಕಪ್ಪ?' ಅಂದ. ಏನೂ ಗೊತ್ತಿಲ್ಲದವನ ಹಾಗೆ.

'ಯಾಕಂದ್ರೆ...' ಅಂದ ಚಿಕ್ಕಪ್ಪ. ಮುಂದಕ್ಕೆ ಹೇಳುವ ಕೆಲಸವನ್ನು ಅವನಿಗೇ ಬಿಟ್ಟ. ಹಳೆಯ ಕಣ್ಣುಗಳು, ಸೂಜಿಯ ತೂತು ನೋಡಿ ನೋಡಿ ಸಣ್ಣಗಾದವು, ಅವನ ಮುಖದ ಮೇಲೆ ನಿಂತಿದ್ದವು. ಆ ಒಂದು ಗಳಿಗೆಯಲ್ಲಿ ಅವನು ಏನು ಬೇಕಾದರೂ ಹೇಳಬಹುದಿತ್ತು.

'ಹೌದು, ಸೆಟ್ಟಿಂಗ್ ತಪ್ಪಿತ್ತು,' ಅಂದ. ಒಮ್ಮೆ ಶುರುವಾದ ಮೇಲೆ ಮಾತು ಸಲೀಸಾಗಿ ಹರಿಯಿತು. ಟಿವಿಯ ಸದ್ದು ನೇರ ಕಿವಿಗೆ ಹೋಗುವುದು, ಹೊರಗಿನ ದನಿ ತಗ್ಗುವುದು, ಅಂಥ ಹೊತ್ತಿನಲ್ಲಿ ಎದುರಿಗಿರುವವರು ಯಾರೆಂದೇ ಎಷ್ಟೋ ಜನಕ್ಕೆ ಗೊತ್ತಾಗದಿರುವುದು. ಪ್ಲಾಸ್ಟಿಕ್ ಕಿವಿಯನ್ನು ಬಿಚ್ಚಿ ಒಳಗಿನ ಎಲುಬುಗಳನ್ನು ಕೂಡ ತೋರಿಸಿದ. 'ಅಪ್ಪಂಗೆ ನೀವು ಅಂತ ಗೊತ್ತೇ ಆಗಿಲ್ಲ. ಇವತ್ತು ಕರ್ಸಿದೀನಿ, ಸರಿ ಮಾಡ್ತೀನಿ.'

ಚಿಕ್ಕಪ್ಪ ತಲೆಯಾಡಿಸಿದ. 'ಹಂಗಾ,' ಅಂದ. ಎದ್ದು ಬಾಗಿಲವರೆಗೆ ಹೋಗಿ, 'ಸರಿ ಹಂಗಾದ್ರೆ. ಮಷಿನ್ನೇ ತಾನೆ,' ಅಂದು ಹೋದ. ಅವನು ಪ್ಲಾಸ್ಟಿಕ್ ಕಿವಿಯನ್ನು ಮತ್ತೆ ಜೋಡಿಸಲು ನೋಡಿದ; ಒಂದು ತುಂಡು ಎಲ್ಲಿ ಕೂರುತ್ತದೆಂದು ತಿಳಿಯಲಿಲ್ಲ. ಇದೆಲ್ಲ ಯಾರಿಂದ? ಅಪ್ಪನಿಂದ. ಅಪ್ಪ ಉಗಿದದ್ದನ್ನು ಇವನು ಒರೆಸಬೇಕು, ವಿಜ್ಞಾನದ ಹೆಸರು ಹೇಳಿ ಒರೆಸಬೇಕು. ಅಪ್ಪ, ಟಿವಿ, ದೊಡ್ಡಮ್ಮನ ಮಗ, ಮಹಡಿಯ ಡಾಕ್ಟರು, ಚೀಲ ಸರಿಸಿಕೊಂಡ ಹೆಂಗಸು, ಎಲ್ಲರ ಮೇಲೂ ಸಿಟ್ಟು ಬಂತು. ಆ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಳ್ಳುವುದು ಅವನಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಹೆಂಡತಿ ಅಪ್ಪನನ್ನು ಆಟೋದಲ್ಲಿ ಕರೆತಂದು ಬಿಟ್ಟು, ಮಕ್ಕಳ ಶಾಲೆಗೆ ಹೋದಳು. ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆ. ಮಷಿನ್ನುಗಳನ್ನು ಕಿವಿಯಿಂದ ತೆಗೆದು ತಟ್ಟೆಯಲ್ಲಿಟ್ಟ, ಅಪ್ಪನನ್ನು ಒಳಕೋಣೆಯಲ್ಲಿ ಕೂರಿಸಿದ, ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿದ, ಭಾರದ ಬಾಗಿಲು ಎಳೆದುಕೊಂಡ. ಮೊದಲು ಸದ್ದುಗಳು, ಆಮೇಲೆ ಪದಗಳು. ಪದಗಳ ಪರೀಕ್ಷೆಗೆ ಒಂದು ಕ್ರಮವಿದೆ: ಹೇಳುವವನು ಬಾಯಿಗೆ ಅಡ್ಡವಾಗಿ ಒಂದು ರಟ್ಟು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಕಿವುಡರು ತುಟಿ ನೋಡಿ ಹೇಳಿಬಿಡುತ್ತಾರೆ. ಕೇಳುವವನು ಕೇಳಿಸಿದ ಪದವನ್ನು ತಿರುಗಿ ಹೇಳಬೇಕು, ಅರ್ಥ ಯೋಚಿಸುವ ಹಾಗಿಲ್ಲ. ಅವನು ರಟ್ಟು ಎತ್ತಿದ.

'ಮರ.'

'ಮರ,' ಅಂದರು ಅಪ್ಪ, ಒಳಗಿನ ಮೈಕಿಗೆ ಬೇಕಾದ್ದಕ್ಕಿಂತ ಜೋರಾಗಿ.

'ಹಾಲು.' 'ಹಾಲು.' 'ದಾರಿ.' 'ದಾರಿ.'

ಅಪ್ಪ ಬೆನ್ನು ನೆಟ್ಟಗೆ ಮಾಡಿ, ಪಾಠ ಒಪ್ಪಿಸುವ ಮಗುವಿನ ಹಾಗೆ ಕೂತಿದ್ದರು. ಶರ್ಟಿನ ಮೇಲಿನ ಎರಡು ಗುಂಡಿ ಹಾಕಿರಲಿಲ್ಲ, ಕೈಯೆತ್ತಲಾಗದೆ ಬಿಟ್ಟದ್ದು. ಅದನ್ನು ನೋಡಿದ್ದೇ ಅವನ ಸಿಟ್ಟು ನೆತ್ತಿಗೇರಿತು.

'ಬಟ್ಟೆ,' ಅಂದ.

'ಬಟ್ಟೆ.'

'ಕೈ.' 'ಕೈ.' 'ಮನೆ.' 'ಮನೆ.'

'ಬೇಡ.'

'ಬೇಡ,' ಅಂದರು ಅಪ್ಪ, ಅಷ್ಟೇ ನಿಷ್ಠೆಯಿಂದ.

'ಈಗ ಪೂರ್ತಿ ವಾಕ್ಯ. ನಿಮ್ಮವರ ಕೈ ಮುಟ್ಟಿದ ಬಟ್ಟೆ ಈ ಮನೆಗೆ ಬೇಡ.'

ಗಾಜಿನಾಚೆ ಅಪ್ಪನ ಬಾಯಿ ತೆರೆದಿತ್ತು, ಹಾಗೇ ನಿಂತಿತು. ಅವನು ಗುಂಡಿ ತಿರುಗಿಸಿ ದನಿ ಏರಿಸಿದ, ಅದನ್ನೇ ಮತ್ತೆ ಹೇಳಿದ. 'ಹೇಳಿ ಅಪ್ಪ. ಪರೀಕ್ಷೆ ಇದು. ಕೇಳಿಸಿದ್ದನ್ನ ಹೇಳ್ಬೇಕು.'

'ಕೇಳಿಸ್ತಿಲ್ಲ,' ಅಂದರು ಅಪ್ಪ.

ಕೇಳಿಸಿಯೂ ಕೇಳಿಸಲಿಲ್ಲ ಅನ್ನುವವರು ಈ ಕೆಲಸದಲ್ಲಿ ಆಗಾಗ ಸಿಗುತ್ತಾರೆ, ಪರಿಹಾರದ ಹಣಕ್ಕೋ ಕೆಲಸದ ವರ್ಗಾವಣೆಗೋ. ಅವರಿಗೆ ಒಂದು ಉಪಾಯವಿದೆ. ದನಿ ಏರಿಸಬಾರದು, ಇಳಿಸಬೇಕು. ಪರೀಕ್ಷೆ ಮುಗಿಯಿತೇನೋ ಅನ್ನುವ ಹಾಗೆ, ಅವರ ಮೈಗೆ ತಾಗುವಂಥ ಒಂದು ಮಾತನ್ನು ಮೆಲ್ಲಗೆ ಆಡಬೇಕು. ಅವನು ಗುಂಡಿಯನ್ನು ಅಪ್ಪನಿಗೆ ಕೇಳಿಸೀತು ಅನ್ನುವ ಕೊನೆಯ ಮಟ್ಟಕ್ಕೆ ಇಳಿಸಿದ.

'ಬೆಳಿಗ್ಗೆ ಚಿಕ್ಕಪ್ಪ ಇಲ್ಲಿಗೆ ಬಂದಿದ್ರು,' ಎಂದು ಉಸುರಿದ. 'ಮಷಿನ್ ಕೆಟ್ಟಿತ್ತು, ಅಪ್ಪಂಗೆ ನೀವು ಅಂತ ಗೊತ್ತಾಗ್ಲಿಲ್ಲ ಅಂತ ಹೇಳಿ ಕಳಿಸ್ದೆ. ಪಾಪ, ನಂಬಿದ್ರು.'

ಅಪ್ಪ ಹೆಡ್‌ಫೋನನ್ನು ಕಿತ್ತು ಎಸೆದರು. ಬಾಗಿಲು ತೆಗೆಯಲು ಗೊತ್ತಾಗದೆ ಎಡಗೈಯಿಂದ ಗಾಜಿಗೆ ಗುದ್ದಿದರು. ಅವನು ಹೋಗಿ ತೆಗೆದರೆ, ಅಪ್ಪನ ಮುಖವೆಲ್ಲ ಕೆಂಪಾಗಿತ್ತು. 'ನಿನ್ನ ಯಾರು ಕೇಳಿದ್ರು?' ಎಂದು ಕೂಗಿದರು. ಕಿವಿಯಲ್ಲಿ ಏನೂ ಇಲ್ಲದ್ದರಿಂದ ಅವರಿಗೆ ತಮ್ಮ ದನಿಯ ಅಳತೆ ಸಿಗುತ್ತಿರಲಿಲ್ಲ. 'ನಾನು ಅಂದಿದ್ದು ನಾನು ಅಂದಿದ್ದು! ಅದಕ್ಕೆ ಮಷಿನ್ ಯಾಕೆ ಮಧ್ಯ? ನನ್ನ ಬಾಯಿಗೆ ನಾನು ಮಾಲೀಕ ಅಲ್ವಾ? ನಡಿ. ಅವನ ಅಂಗಡಿಗೆ ನಡಿ.'

ಕಾಯುವ ಕೋಣೆಯವರೆಲ್ಲ ಎದ್ದು ನಿಂತಿದ್ದರು. ಅಪ್ಪ ಅವರ ನಡುವೆ ನುಗ್ಗಿ ಮೆಟ್ಟಿಲಿಳಿದರು. ಅವನು ಹಿಂದೆಯೇ ಓಡಿದ. ಅಂಗಡಿಗೆ ಬಸ್ಸಿನಲ್ಲಾದರೆ ಮೂರು ನಿಲ್ದಾಣ, ಅಪ್ಪ ನಡೆದೇ ಹೊರಟಿದ್ದರು. ಹಿಂದಿನಿಂದ ಬರುವ ವಾಹನ ಕೇಳಿಸದ ಮನುಷ್ಯ ರಸ್ತೆಯ ನಡುವೆ ಹೋಗುತ್ತಿದ್ದ. ಮೊಣಕೈ ಹಿಡಿದರೆ ಕೊಡವಿ ಹಾಕಿದರು, ಮತ್ತೆ ಹಿಡಿದ. ಈಗ ಅಲ್ಲಿ ಹೋಗಿ ಇನ್ನೇನು ಅನ್ನುತ್ತಾರೋ. ಹೋದ ವಾರ ಮನೆಯೊಳಗೆ ಅಂದದ್ದನ್ನು ಈಗ ಬೀದಿಯಲ್ಲಿ ನಿಂತು ಅನ್ನುತ್ತಾರೆ, ಜನ ಸೇರುತ್ತಾರೆ, ಫೋನು ಎತ್ತಿ ಹಿಡಿಯುತ್ತಾರೆ, ಸಂಜೆಗೆ ಅದೇ ಒಂದು ಸುದ್ದಿ. ಇಷ್ಟು ವರ್ಷದ ಒಂದು ಮನುಷ್ಯಸಂಬಂಧವನ್ನು ತನ್ನ ಜಾಣತನವೇ ಕೊನೆಗೂ ಮುಗಿಸಿತೆಂದು ಅವನಿಗೆ ಹೊಳೆಯಿತು. ಆಗ ಅವನು ಬಾಯಿಬಿಟ್ಟ. ಕೇಳಿಸದ ಅಪ್ಪನ ಪಕ್ಕ ನಡೆಯುತ್ತ, ಇಷ್ಟು ದಿನ ಗಂಟಲಲ್ಲಿ ಕೊಳೆತದ್ದನ್ನೆಲ್ಲ ಕಕ್ಕಿದ: 'ನಿಮ್ಮನ್ನ ಕಂಡ್ರೆ ನಾಚಿಕೆ ಆಗುತ್ತೆ ಅಪ್ಪ. ಅಮ್ಮ ಇದ್ದಿದ್ರೆ ನಿಮ್ಮ ಮುಖ ನೋಡ್ತಿರ್ಲಿಲ್ಲ. ಯಾರೋ ಸಂಬಳಕ್ಕೆ ಅರಚೋನ ಮಾತು ಕೇಳ್ಕೊಂಡು ಅವಳು ಸತ್ತ ದಿನ ನಿಮ್ಮನ್ನ ತಬ್ಬಿ ಹಿಡಿದೋನಿಗೆ ಉಗಿದ್ರಲ್ಲ.' ಅಳುತ್ತಿದ್ದ. ಎದುರು ಬಂದವರು ದಾರಿ ಬಿಟ್ಟರು. ಅಪ್ಪ ಮುಂದೆ ನೋಡುತ್ತ ನಡೆಯುತ್ತಿದ್ದರು.

ಅಂಗಡಿಯಲ್ಲಿ ದರ್ಜಿ ಚಿಕ್ಕಪ್ಪ ಮೇಜಿನ ಮೇಲೆ ಬಟ್ಟೆ ಹರವಿಕೊಂಡು ಕತ್ತರಿಸುತ್ತಿದ್ದ. ತಲೆಯೆತ್ತಿದ. ಅಪ್ಪ ಹೊಸಿಲ ಹೊರಗೇ ನಿಂತರು. ಏದುಸಿರು. ಪಕ್ಕದ ಅಂಗಡಿಯವರು ಇಣುಕಿದರು.

'ಮಷಿನ್ ಚೆನ್ನಾಗೇ ಇತ್ತು,' ಎಂದು ಅಪ್ಪ ಕೂಗಿದರು, ಬೀದಿಗೆಲ್ಲ ಕೇಳುವಂತೆ. 'ಇವನು ಸುಳ್ಳು ಹೇಳಿದಾನೆ. ನೀನು ಅಂತ ಗೊತ್ತಿದ್ದೇ ಅಂದೆ ಕಣಯ್ಯಾ. ನಿನ್ನ ಮುಖ ನೋಡಿಯೇ ಅಂದೆ.' 'ಯಾಕಂದೆ ಅಂತ ಕೇಳ್ಬೇಡ. ನಂಗೆ ಗೊತ್ತಿಲ್ಲ. ದಿನಾ ಕೇಳೀ ಕೇಳೀ ಅದು ನನ್ನದೇ ಮಾತು ಅನ್ನಿಸ್ಬಿಟ್ಟಿತ್ತು. ಅಂದ ಮೇಲೆ ನೀನು ಶರ್ಟು ಮಡಚಿದ್ಯಲ್ಲ, ಆವಾಗ... ತಪ್ಪಾಯ್ತು. ಒಪ್ಪೋದು ಬಿಡೋದು ನಿಂಗೆ ಬಿಟ್ಟಿದ್ದು.'

ಚಿಕ್ಕಪ್ಪ ಮಾತಾಡಿದ್ದು ಅಪ್ಪನ ಜೊತೆಗಲ್ಲ.

'ನಂಗೂ ಗೊತ್ತಿತ್ತು, ಮಷಿನ್ನಲ್ಲ ಅಂತ,' ಎಂದ ಅವನನ್ನು ನೋಡುತ್ತ. ಚಿಕ್ಕಪ್ಪನ ದನಿಯಲ್ಲಿ ಅವನು ಯಾವತ್ತೂ ಕೇಳದ ಗಡಸು. 'ಆದ್ರೂ ಬಂದೆ. ಎತ್ತಿ ಆಡಿಸಿದ ಹುಡುಗ, ಚಿಕ್ಕಪ್ಪ ತಪ್ಪಾಯ್ತು ಅಂತ ಒಂದು ಮಾತು ಅಂತಾನೇನೋ ಅಂತ ಬಂದೆ. ನೀನು ಪ್ಲಾಸ್ಟಿಕ್ ಕಿವಿ ಬಿಚ್ಚಿ ತೋರಿಸ್ದೆ. ಇವರು ಮುಖಕ್ಕೆ ಹೊಡೆದಂಗೆ ಅಂದ್ರು, ಮುಖ ತೋರಿಸ್ಕೊಂಡೇ ಬಂದು ಒಪ್ಕೊಂಡ್ರು. ನೀನು ಒಂದು ವಾರದಿಂದ ಈ ರಸ್ತೇಲಿ ನಡೀತಾ ಇಲ್ಲ. ನಾನು ನೋಡಿಲ್ಲ ಅನ್ಕೊಂಡ್ಯಾ? ಅಣ್ಣನ ಮೇಲೆ ನಂಗಿರೋ ಸಿಟ್ಟು ಇವತ್ತಲ್ಲ ನಾಳೆ ಕರಗುತ್ತೋ ಏನೋ, ಹೇಳಕ್ಕಾಗಲ್ಲ. ನಿನ್ನ ಮೇಲಿಂದು ಕರಗಲ್ಲ ಕಣಪ್ಪ.'

ಅಪ್ಪ ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಒಂದಕ್ಷರವೂ ಕೇಳಿಸಿರಲಿಲ್ಲ. ಅವನ ತೋಳು ಹಿಡಿದು ಅಲುಗಿಸಿದರು.

'ಏನಂದ? ಏನಂದ ಅವನು? ಹೇಳೋ.'

ಏನು ಹೇಳಿದರೂ ನಡೆಯುತ್ತಿತ್ತು. ಕ್ಷಮಿಸಿದ್ದಾನಂತೆ ಅನ್ನಬಹುದಿತ್ತು, ಸಂಜೆ ಬರುತ್ತಾನಂತೆ ಅನ್ನಬಹುದಿತ್ತು. ದರ್ಜಿ ಚಿಕ್ಕಪ್ಪ ಕತ್ತರಿ ಹಿಡಿದ ಕೈಯನ್ನು ಬಟ್ಟೆಯ ಮೇಲಿಟ್ಟು ಅವನನ್ನೇ ನೋಡುತ್ತಿದ್ದ. ಅವನು ಅಪ್ಪನ ಕಿವಿಗೆ ಬಾಯಿ ತಂದ. ಎಣ್ಣೆಯ ವಾಸನೆ, ಬಿಳಿ ಕೂದಲು, ಒಳಗೆ ಮಷಿನ್ನು ಕೂತು ಕೂತು ಆದ ಕೆಂಪು ಗುರುತು. ಬೀದಿಯವರು ಕೇಳುತ್ತಾರೆಂದು ಗೊತ್ತಿದ್ದೂ, ಬೇರೆ ದಾರಿಯಿರಲಿಲ್ಲ, ಕೂಗಿಯೇ ಹೇಳಬೇಕಿತ್ತು. ಕೂಗಿದ. ಚಿಕ್ಕಪ್ಪ ಅಂದದ್ದನ್ನು ಒಂದೂ ಬಿಡದೆ, ಪ್ಲಾಸ್ಟಿಕ್ ಕಿವಿಯನ್ನೂ ಬಿಡದೆ, ರಸ್ತೆ ತಪ್ಪಿಸಿ ತಿರುಗಿದ್ದನ್ನೂ ಬಿಡದೆ, ಕರಗಲ್ಲ ಅನ್ನುವವರೆಗೂ ಕೂಗಿ ಹೇಳಿದ.

ಅಪ್ಪ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ ಕಣ್ಣು ಬಿಟ್ಟು, ದರ್ಜಿಯ ಕಡೆ ತಿರುಗಿ, 'ಅದೂ ನಿಜ,' ಅಂದರು.

ದರ್ಜಿ ಕತ್ತರಿ ಕೆಳಗಿಡಲಿಲ್ಲ. ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಅಪ್ಪ ಮಗ ಇಬ್ಬರೂ ಹೊಸಿಲ ಹೊರಗೆ ನಿಂತೇ ಇದ್ದರು.